ಆನಿಸಿ ನಿಲ್ಲಿಸಿದ ಕಂಬಗಳು

ನಮ್ಮ ಸಂಘಗಳ ಶ್ರದ್ಧಾಂಜಲಿ ಸಭೆಗಳಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಒಂದು, ‘ಆಧಾರಸ್ತಂಭ ಕುಸಿಯಿತು’; ಇನ್ನೊಂದು, ‘ಹಿರಿಯ ಕೊಂಡಿಯೊಂದು ಕಳಚಿತು’. ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವುದು ರೂಢಿಯಾಗಿಬಿಟ್ಟಿದೆ. ಕಟ್ಟಡಗಳ ವಿಷಯಕ್ಕೆ ಬಂದರೆ ಇವೆರಡರ ನಡುವೆ ಒಂದು ಅನುಕ್ರಮವಿದೆ. ಎಷ್ಟೋ ಸಲ ಮೊದಲು ಕೊಂಡಿ ಕಳಚುತ್ತದೆ, ಆಮೇಲೆ ಸ್ತಂಭ ಕುಸಿಯುತ್ತದೆ. ಕಂಬವನ್ನು ಎಲ್ಲರೂ ನೋಡುತ್ತಾರೆ. ಅದು ನೆಲವನ್ನೂ ತೊಲೆಯನ್ನೂ ಸೇರುವ ಆ ಎರಡು ತಾಣಗಳತ್ತ ಕಣ್ಣು ಹಾಯಿಸುವವರು ವಿರಳ. ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರಾದ ನಾವು ಈ ಅಲಕ್ಷ್ಯದ ಕುರಿತು ಮಾತನಾಡಲೇಬೇಕಾದ ಕಾಲ ಬಂದಿದೆ ಎಂಬುದು ನಮ್ಮ ಅಭಿಪ್ರಾಯ.

ಗಿರಗಾಂವ್, ಕಾಳಬಾದೇವಿ, ಭುಲೇಶ್ವರ, ಲಾಲ್‌ಬಾಗ್‌ಗಳ ಹಳೆಯ ಚಾಳುಗಳಲ್ಲಿ ಓಡಾಡಿದವರಿಗೆ ‘ಟೇಕು’ ಎಂಬ ಮರಾಠಿ ಪದ ಹೊಸತಲ್ಲ. ಜಗ್ಗಿದ ತೊಲೆಯ ಕೆಳಗೆ, ಬಿರುಕು ಬಿಟ್ಟ ಗ್ಯಾಲರಿಯ ಅಂಚಿಗೆ, ಮೆಟ್ಟಿಲಿನ ತಿರುವಿನಲ್ಲಿ ಆನಿಸಿ ನಿಲ್ಲಿಸಿದ ಮರದ ದಿಮ್ಮಿ ಅಥವಾ ಉಕ್ಕಿನ ಕಂಬವೇ ಟೇಕು. ದುರಸ್ತಿ ನಡೆಯುವವರೆಗೆ ಎಂದು ಅದನ್ನು ನಿಲ್ಲಿಸಿರುತ್ತಾರೆ. ದುರಸ್ತಿಯ ಸುದ್ದಿಯೇ ಇಲ್ಲದೆ ವರ್ಷಗಳು ಉರುಳುತ್ತವೆ. ಕಂಬಕ್ಕೆ ಬಣ್ಣ ಬಳಿಯಲಾಗುತ್ತದೆ, ಬಟ್ಟೆ ಒಣಹಾಕುವ ಹಗ್ಗ ಕಟ್ಟಲಾಗುತ್ತದೆ, ಗಣೇಶೋತ್ಸವಕ್ಕೆ ದೀಪದ ಸರ ಸುತ್ತಲಾಗುತ್ತದೆ. ಸರಕಾರಿ ಕಡತಗಳ ನಡುವೆ ದಿನ ಕಳೆಯುವ ನಮಗೆ ‘ತಾತ್ಕಾಲಿಕ’ ಎಂಬ ಪದದ ದೀರ್ಘಾಯುಷ್ಯ ಚೆನ್ನಾಗಿ ಗೊತ್ತು. ಆದರೆ ಕಡತ ತಲೆಯ ಮೇಲೆ ಬೀಳುವುದಿಲ್ಲ.

ಈ ಸ್ಥಿತಿಗೆ ಚರಿತ್ರೆಯ ಕಾರಣಗಳಿವೆ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟದಲ್ಲಿ ಸ್ಥಗಿತಗೊಳಿಸಿತು. ಬಡ ಬಾಡಿಗೆದಾರನಿಗೆ ಅದು ರಕ್ಷಣೆ. ಮಾಲೀಕನಿಗೆ ದುರಸ್ತಿಯಿಂದ ಕೈತೊಳೆದುಕೊಳ್ಳಲು ಒಂದು ನೆಪ. ಕಟ್ಟಡಗಳು ಕುಸಿಯತೊಡಗಿದಾಗ ಸರಕಾರ 1969ರ ಕಾಯಿದೆಯಡಿ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿಯನ್ನು ರಚಿಸಿ, ಬಾಡಿಗೆದಾರರ ಮೇಲೆ ಉಪಕರ ವಿಧಿಸಿತು. ಆಗ ಆ ವ್ಯಾಪ್ತಿಗೆ ಬಂದ ಕಟ್ಟಡಗಳು 19,642. ಅವುಗಳಲ್ಲಿ 16,502 ಕಟ್ಟಡಗಳು 1940ಕ್ಕೂ ಮೊದಲಿನವು. ಈಗ ಮ್ಹಾಡಾದ ಅಂಗವಾಗಿರುವ ಆ ಮಂಡಳಿ ಪ್ರತಿ ಮಳೆಗಾಲಕ್ಕೆ ಮುನ್ನ ಅತ್ಯಂತ ಅಪಾಯಕಾರಿ ಕಟ್ಟಡಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಸಾವಿರಾರು ಕಟ್ಟಡಗಳ ಪಾಲಿಗೆ ಉಳಿಯುವುದು ಟೇಕು ಮಾತ್ರ.

ಟೇಕು ತಪ್ಪೆಂದು ನಾವು ಹೇಳುತ್ತಿಲ್ಲ. ಸರಿಯಾಗಿ ಬಿಗಿದ ಆಸರೆಗಂಬ ಜೀವ ಉಳಿಸುತ್ತದೆ. ಆದರೆ ಆನಿಸುವುದು ಬೇರೆ, ಬಿಗಿಯುವುದು ಬೇರೆ. ಕಂಬ ತಾನು ಹೊತ್ತ ಭಾರವನ್ನು ಕರಗಿಸಿಬಿಡುವುದಿಲ್ಲ. ಮೇಲಿನಿಂದ ಕೆಳಕ್ಕೆ ದಾಟಿಸುತ್ತದೆ, ಅಷ್ಟೆ. ಎರಡನೆಯ ಮಹಡಿಯ ತೊಲೆಗೆ ಕೊಟ್ಟ ಟೇಕು ಮೊದಲನೆಯ ಮಹಡಿಯ ನೆಲದ ಮೇಲೆ ನಿಂತಿದ್ದರೆ, ಮುಪ್ಪಾದ ಆ ನೆಲಕ್ಕೆ ಹೊಸ ಹೊರೆ ಬಿತ್ತೆಂದೇ ಅರ್ಥ. ಆದ್ದರಿಂದ ಅದರ ನೇರ ಕೆಳಗೆ ಇನ್ನೊಂದು ಟೇಕು, ಅದರ ಕೆಳಗೆ ಗಟ್ಟಿ ನೆಲ, ಹೀಗೆ ಭಾರ ಭೂಮಿಯನ್ನು ಮುಟ್ಟುವವರೆಗೆ ದಾರಿ ತುಂಡಾಗಬಾರದು. ಕೆಳಗಿನ ಬಾಡಿಗೆದಾರ ತನ್ನ ಕೋಣೆಯ ನಡುವೆ ಕಂಬ ಬೇಡವೆಂದನೆಂದು ಅದನ್ನು ಎರಡಡಿ ಪಕ್ಕಕ್ಕೆ ಸರಿಸಿದರೆ, ಆ ಎರಡಡಿಯ ಹೊರೆ ಜಂತೆಯ ಬೆನ್ನಿಗೆ ಬೀಳುತ್ತದೆ.

ಇನ್ನು ತುದಿಗಳ ಮಾತು. ಬುಡದಲ್ಲಿ ದಪ್ಪ ಹಲಗೆಯೋ ಉಕ್ಕಿನ ತಟ್ಟೆಯೋ ಇರಬೇಕು. ಇಲ್ಲವಾದರೆ ಭಾರವೆಲ್ಲ ಅಂಗೈಯಗಲದ ಜಾಗಕ್ಕೆ ಬಿದ್ದು ನೆಲ ಕುಸಿಯುತ್ತದೆ. ತಲೆಯಲ್ಲಿ ಹಲವು ಜಂತೆಗಳನ್ನು ಒಟ್ಟಿಗೆ ಹಿಡಿಯುವ ಅಡ್ಡತೊಲೆ ಬೇಕು. ಇವುಗಳ ನಡುವೆ ಕಂಬವನ್ನು ಬಿಗಿಗೊಳಿಸಲು ಒಂದಕ್ಕೊಂದು ಎದುರಾಗಿ ಹೊಡೆಯುವ ಜೋಡಿ ಬೆಣೆಗಳಿರಬೇಕು. ಅವು ಜಾರದಂತೆ ಮೊಳೆ ಹೊಡೆದಿರಬೇಕು. ಉಕ್ಕಿನದಾದರೆ ತಟ್ಟೆಯ ತೂತುಗಳಲ್ಲಿ ಬೋಲ್ಟು ಇರಬೇಕು. ಎತ್ತರ ಹೊಂದಿಸುವ ಕಂಬವಾದರೆ ಅದಕ್ಕೆಂದೇ ಮಾಡಿದ ಪಿನ್ನು ಇರಬೇಕು, ಕೈಗೆ ಸಿಕ್ಕ ಸರಳಿನ ತುಂಡಲ್ಲ. ತೂಗುಗುಂಡು ಇಳಿಬಿಟ್ಟು ನೋಡಿದರೆ ಕಂಬ ನೆಟ್ಟಗಿರಬೇಕು. ಸುಮ್ಮನೆ ಆನಿಸಿದ ಕಂಬ ಒತ್ತಡವನ್ನು ಮಾತ್ರ ತಾಳಬಲ್ಲದು. ಪಕ್ಕದ ರಸ್ತೆಯಲ್ಲಿ ಅಗೆತ ನಡೆದು ಕಟ್ಟಡ ಅದುರಿದಾಗ ಅಥವಾ ಒಣಗಿದ ಮರ ಕುಗ್ಗಿ ತೊಲೆಗೂ ಕಂಬಕ್ಕೂ ನಡುವೆ ಒಂದು ನೂಲಿನಷ್ಟು ಸಂದು ಬಿದ್ದಾಗ, ಅದು ಆಧಾರವಾಗಿ ಉಳಿಯುವುದಿಲ್ಲ. ಮನೆಯ ನಡುವೆ ನಿಂತ ಇನ್ನೊಂದು ಸಾಮಾನಾಗುತ್ತದೆ. ಸಮುದ್ರದ ಉಪ್ಪುಗಾಳಿ ಮತ್ತು ನೆಲ ತೊಳೆದ ನೀರು ಸೇರಿ ಉಕ್ಕನ್ನು ಮೊದಲು ತಿನ್ನುವುದು ಬುಡದಲ್ಲಿ; ಮರಕ್ಕೆ ಗೆದ್ದಲು ಹತ್ತುವುದೂ ಸಾಮಾನ್ಯವಾಗಿ ಅಲ್ಲಿಂದಲೇ. ಎದೆಯೆತ್ತರದಲ್ಲಿ ಹೊಳೆಯುವ ಬಣ್ಣ ಇದನ್ನೆಲ್ಲ ಮರೆಸುತ್ತದೆ.

ತುದಿಯ ಬಿಗಿತಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಲೆಕ್ಕವೇ ಇದೆ. ತೆಳುವಾದ ಉದ್ದ ಕಂಬ ಜಜ್ಜಿಹೋಗುವ ಮೊದಲೇ ನಡುವಿನಲ್ಲಿ ಬಾಗಿ ಸೋಲುತ್ತದೆ ಎಂಬುದನ್ನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 18ನೆಯ ಶತಮಾನದಲ್ಲೇ ಸೂತ್ರವಾಗಿ ಬರೆದಿಟ್ಟ. ಅದರಂತೆ ಕಂಬದ ಉದ್ದ 2 ಪಟ್ಟಾದರೆ ಅದು ತಾಳುವ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಅದೇ ಕಂಬದ ಎರಡೂ ತುದಿಗಳನ್ನು ತಿರುಗದಂತೆ ಭದ್ರಪಡಿಸಿದರೆ, ತುದಿ ಸಡಿಲವಾಗಿ ತಿರುಗಬಲ್ಲ ಕಂಬಕ್ಕಿಂತ ಅದು ಸಿದ್ಧಾಂತದ ಪ್ರಕಾರ 4 ಪಟ್ಟು ಭಾರ ತಾಳುತ್ತದೆ. ನಟ್ಟನಡುವೆ ಎರಡೂ ದಿಕ್ಕಿನಿಂದ ಅಡ್ಡಕಟ್ಟು ಬಿಗಿದರೂ ಅಷ್ಟೇ ಲಾಭ. ಉಕ್ಕಿನ ತೂಕ ಹೆಚ್ಚಲಿಲ್ಲ, ಕಂಬ ಬದಲಾಗಲಿಲ್ಲ. ನಾಲ್ಕಾರು ಬೋಲ್ಟು ಮತ್ತು ಒಂದು ಅಡ್ಡಪಟ್ಟಿಯಿಂದ ಇಷ್ಟು ವ್ಯತ್ಯಾಸ. ಇಷ್ಟು ಅಗ್ಗವಾಗಿ ಸಿಗುವ ಭದ್ರತೆಯನ್ನು ನಾವು ಏಕೆ ಕೇಳಿ ಪಡೆಯುತ್ತಿಲ್ಲ?

ನಮ್ಮೂರಿನ ಮಾಳಿಗೆ ಮನೆಗಳಲ್ಲಿ ಬೋಲ್ಟು ಎಲ್ಲಿತ್ತು ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಅಲ್ಲಿ ಮರದ ಕಂಬದ ಬುಡ ಕಲ್ಲಿನ ಪೀಠದ ಮೇಲೆ ಕೂರುತ್ತಿತ್ತು, ತಲೆ ಬೋದಿಗೆಯೊಳಗೆ ಸೇರುತ್ತಿತ್ತು, ಬೋದಿಗೆ ತೊಲೆಯನ್ನು ಹೊರುತ್ತಿತ್ತು. ಮೇಲಿನ ಮಣ್ಣಿನ ಭಾರವೇ ಆ ಸಂಧಿಗಳನ್ನು ಅಲುಗದಂತೆ ಒತ್ತಿ ಹಿಡಿಯುತ್ತಿತ್ತು. ಕಂಬ, ಬೋದಿಗೆ, ತೊಲೆ, ಜಂತೆ ಎಂದು ಒಂದೊಂದಕ್ಕೂ ಹೆಸರಿಟ್ಟ ನಮ್ಮ ಬಡಗಿಗಳು ಕಂಬಕ್ಕೂ ತೊಲೆಗೂ ನಡುವಿನ ತಾಣವನ್ನು ಬೋದಿಗೆ ಎಂಬ ಬೇರೆಯೇ ಅಂಗವಾಗಿ ಕಂಡಿದ್ದರು. ಚಾಳಿನ ಟೇಕುವಿಗೆ ಬೋದಿಗೆಯೂ ಇಲ್ಲ, ಪೀಠವೂ ಇಲ್ಲ. ಮನೆಯೊಂದಿಗೆ ಹುಟ್ಟಿದ ಕಂಬಕ್ಕೂ ನೂರು ವರ್ಷದ ಮನೆಗೆ ಕೊನೆಗಾಲದಲ್ಲಿ ಬಂದು ಸೇರಿದ ಕಂಬಕ್ಕೂ ಹೋಲಿಕೆ ಸಲ್ಲದು.

ಉಪನಗರದ ಕಾಂಕ್ರೀಟು ಕಟ್ಟಡಗಳಲ್ಲಿರುವವರು ಇದು ತಮ್ಮ ಚಿಂತೆಯಲ್ಲವೆಂದು ಕೈಕಟ್ಟಿ ಕೂರುವಂತಿಲ್ಲ. 2001ರ ಜನವರಿ 26ರಂದು ಭುಜ್ ಭೂಕಂಪವಾದಾಗ 200 ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಉರುಳಿದವು. ವಾಹನ ನಿಲುಗಡೆಗೆಂದು ತಳಮಹಡಿಯನ್ನು ಗೋಡೆಯಿಲ್ಲದೆ ಬರಿಯ ಕಂಬಗಳ ಮೇಲೆ ನಿಲ್ಲಿಸಿದ್ದೂ, ಕಂಬದೊಳಗಿನ ಸರಳುಗಳನ್ನು ಹಿಡಿಯಬೇಕಾದ ರಿಂಗುಗಳ ತುದಿಯನ್ನು ಒಳಕ್ಕೆ ಮಡಚದೆ ಬಿಟ್ಟದ್ದೂ ಕಾರಣಗಳಲ್ಲಿ ಸೇರಿದ್ದವು. ರಿಂಗಿನ ಕೊಕ್ಕೆ 135 ಡಿಗ್ರಿ ಬಾಗಿರಬೇಕೆಂದು 1993ರ ಐಎಸ್ 13920 ಸಂಹಿತೆ ಅದಾಗಲೇ ಹೇಳಿತ್ತು. ಕಾಂಕ್ರೀಟು ಸುರಿದ ಮೇಲೆ ಆ ಕೊಕ್ಕೆಯನ್ನು ಬರಿಗಣ್ಣಿನಿಂದ ನೋಡಲಾಗುವುದಿಲ್ಲ. 2017ರ ಜುಲೈ 25ರಂದು ಘಾಟ್‌ಕೋಪರಿನಲ್ಲಿ ವಸತಿ ಕಟ್ಟಡವೊಂದು ಕುಸಿದು 17 ಜನ ಸತ್ತರು. ತಳಮಹಡಿಯ ನವೀಕರಣದಲ್ಲಿ ಕಂಬಗಳಿಗೆ ಕೈಹಚ್ಚಲಾಗಿತ್ತು ಎಂಬ ಆರೋಪ ಆಗ ಕೇಳಿಬಂತು. ತಳಮಹಡಿಯಲ್ಲಿ ಹೋಟೆಲು, ಖಾನಾವಳಿ ನಡೆಸುವ ನಮ್ಮವರು ಈ ನಗರದಲ್ಲಿ ಕಡಿಮೆಯಿಲ್ಲ. ಎರಡು ಮೇಜು ಹೆಚ್ಚು ಹಿಡಿಸಲು ಗೋಡೆಯೊಡೆಯುವ ಮುನ್ನ, ಅಡ್ಡ ಬಂದ ಟೇಕುವನ್ನು ಸರಿಸುವ ಮುನ್ನ, ಮೇಲೆ ಮಲಗಿದವರ ನೆನಪಾಗಬೇಕು.

ಇಷ್ಟೆಲ್ಲ ಗೊತ್ತಿದ್ದೂ ಬಾಡಿಗೆದಾರರು ಬಾಯಿ ಬಿಡದಿರುವುದಕ್ಕೆ ಕಾರಣ ಅಜ್ಞಾನವಲ್ಲ, ಭಯ. ಪರೀಕ್ಷೆಗೆ ಅಭಿಯಂತರನನ್ನು ಕರೆದರೆ ಅವನು ಕಟ್ಟಡವನ್ನು ‘ಸಿ-1’ ಎಂದು, ಅಂದರೆ ವಾಸಕ್ಕೆ ಅಯೋಗ್ಯವೆಂದು ಬರೆದುಬಿಟ್ಟರೆ? ಮನೆ ಖಾಲಿ ಮಾಡಿ ಸಂಕ್ರಮಣ ಶಿಬಿರಕ್ಕೆ ಹೋದವರು ಎಂದು ಹಿಂದಿರುಗುತ್ತಾರೋ ಬಲ್ಲವರಿಲ್ಲ. ಮಕ್ಕಳ ಶಾಲೆ, ನಡೆದು ಹೋಗುವಷ್ಟು ಹತ್ತಿರದ ಕೆಲಸ, ಮೂರು ತಲೆಮಾರಿನ ನೆರೆಹೊರೆ, ಎಲ್ಲವೂ ಒಂದು ಷರಾದಿಂದ ಕೈತಪ್ಪಬಹುದು. ಈ ಭಯವನ್ನು ಹಗುರವಾಗಿ ಕಾಣುವವರು ಚಾಳಿನ ಬದುಕನ್ನು ಅರಿಯರು. ಆದರೂ ನಾವು ಹೇಳಬೇಕಾದ್ದು ಇದು: ಮೌನದಿಂದ ಉಳಿಯುವ ಮನೆ ಮುಂದಿನ ಮಳೆಗಾಲದವರೆಗೆ ಮಾತ್ರ ಉಳಿಯಬಹುದು. 30 ವರ್ಷ ದಾಟಿದ ಕಟ್ಟಡದ ಭದ್ರತಾ ಪರೀಕ್ಷೆಯನ್ನು ಮುಂಬಯಿ ಮಹಾನಗರಪಾಲಿಕೆ ಕಾಯಿದೆಯ 353ಬಿ ಕಲಮು ಕಡ್ಡಾಯಗೊಳಿಸಿದೆ. ಕಾಯಿದೆ ನಮ್ಮ ಪರವಾಗಿರುವಾಗ ಅದನ್ನು ಒಬ್ಬೊಬ್ಬರಾಗಿ ಅಡಗಿಸಿಡುವುದಕ್ಕಿಂತ ಎಲ್ಲರೂ ಕೂಡಿ ಮುಂದಿಡುವುದು ಲೇಸು.

ಆದ್ದರಿಂದ ಬೇಡಿಕೆ ಜೋಡಿಯಾಗಿಯೇ ಇರಬೇಕು. ಮನೆ ಖಾಲಿ ಮಾಡಿಸುವ ಮುನ್ನ ಪ್ರತಿ ಬಾಡಿಗೆದಾರನ ಹೆಸರು, ಅವನ ಕೋಣೆಯ ಅಳತೆ, ಹಿಂದಿರುಗುವ ಹಕ್ಕು ಬರಹದಲ್ಲಿ ದಾಖಲಾಗಿ ಅವನ ಕೈಸೇರಬೇಕು. ಹಾಗೆಯೇ, ನಿಲ್ಲಿಸಿದ ಪ್ರತಿ ಟೇಕುವಿನ ಮೇಲೆ ಒಂದು ಪುಟ್ಟ ಫಲಕವಿರಬೇಕು: ನಿಲ್ಲಿಸಿದ ದಿನಾಂಕ, ನಿಲ್ಲಿಸಿದ ಅಭಿಯಂತರನ ಹೆಸರು, ಹೊರುತ್ತಿರುವ ಭಾರ, ಮುಂದಿನ ತಪಾಸಣೆಯ ದಿನ. ಅಡುಗೆ ಅನಿಲದ ಸಿಲಿಂಡರಿನ ಮೇಲೂ ಮುಂದಿನ ಪರೀಕ್ಷೆಯ ಅವಧಿ ಬರೆದಿರುತ್ತದೆ. ಮೂರು ಮಹಡಿ ಹೊತ್ತ ಕಂಬಕ್ಕೆ ಅದಿಲ್ಲ. ಫಲಕದಿಂದ ಕಂಬ ಗಟ್ಟಿಯಾಗುವುದಿಲ್ಲ, ನಿಜ. ಆದರೆ ಹೆಸರು ಹಾಕಿದವನು ಬುಡದ ತಟ್ಟೆಯನ್ನೂ ತಲೆಯ ಬೆಣೆಯನ್ನೂ ಒಮ್ಮೆ ನೋಡಿಯೇ ಸಹಿ ಮಾಡುತ್ತಾನೆ, ಮತ್ತು ದಿನಾಂಕ ಮೀರಿದಾಗ ಬಾಡಿಗೆದಾರರಿಗೆ ಕೇಳಲು ಒಂದು ಆಧಾರ ಸಿಗುತ್ತದೆ.

ನಮ್ಮ ಸಂಘಗಳು ಇಲ್ಲಿ ಮಾಡಬಹುದಾದ ಕೆಲಸವಿದೆ. ಸದಸ್ಯರಲ್ಲಿ ನಿವೃತ್ತ ಅಭಿಯಂತರರಿದ್ದಾರೆ, ವಕೀಲರಿದ್ದಾರೆ, ಮರಾಠಿಯಲ್ಲಿ ಅರ್ಜಿ ಬರೆಯಬಲ್ಲವರಿದ್ದಾರೆ. ವರ್ಷಕ್ಕೊಂದು ಭಾನುವಾರ, ಮಳೆಗಾಲಕ್ಕೆ ಮುನ್ನ, ನಮ್ಮವರು ವಾಸಿಸುವ ಹಳೆಯ ಕಟ್ಟಡಗಳಿಗೆ ಹೋಗಿ ಟೇಕುಗಳ ಬುಡ ಮತ್ತು ತಲೆಯ ಚಿತ್ರ ತೆಗೆದು, ಸಂಬಂಧಪಟ್ಟ ಮಂಡಳಿಗೆ ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿಯ ಮುದ್ರೆ ಪಡೆದು ಬರುವುದು ಅಸಾಧ್ಯವಲ್ಲ. ರಾಜ್ಯೋತ್ಸವದ ಮಂಟಪಕ್ಕೆ ಕಂಬ ನೆಡುವಾಗ ಅದು ಅಲುಗುತ್ತದೆಯೇ ಎಂದು ಕೈಯಿಂದ ತಳ್ಳಿ ನೋಡುವ ಜನ ನಾವು. ಒಂದು ಸಂಜೆ ನಿಲ್ಲುವ ಕಂಬಕ್ಕೆ ತೋರಿಸುವ ಆ ಕಾಳಜಿ ನಮ್ಮವರು ದಿನವೂ ಮಲಗಿ ಏಳುವ ಮನೆಯ ಕಂಬಕ್ಕೂ ಸಲ್ಲಬೇಕು.