ಗುಜರಿಗೆ ಹೋಗುವ ಹರಳು

ವಿಕಿರಣವೆಂದರೆ ಹೆದರುವ ನಾವು ಅದನ್ನು ಅಳೆಯುವ ಹಳೆಯ ಸಿಂಟಿಲೇಷನ್ ಡಿಟೆಕ್ಟರುಗಳನ್ನು ಗುಜರಿಗೆ ಹಾಕುವುದು ವಿಚಿತ್ರವೇ ಸರಿ. ಅದರೊಳಗಿನ ಸೋಡಿಯಂ ಅಯೋಡೈಡ್ ಹರಳು ಗಾಮಾ ಕಿರಣ ತಾಗಿದರೆ ಮಿನುಗುತ್ತದೆ. ಆ ಮಿನುಗನ್ನು ಕೊಳವೆಯೊಂದು ವಿದ್ಯುತ್ತಾಗಿ ಹಿಗ್ಗಿಸುತ್ತದೆ. ಹರಳಿಗೆ ತೇವವೇ ಶತ್ರು. ನಮ್ಮ ಆಟಿಯ ಮಳೆಗಾಳಿ ಒಳಹೊಕ್ಕರೆ ಹಳದಿಗಟ್ಟಿ ಕೆಟ್ಟಿತು. ಕವಚ ಭದ್ರವಿದ್ದರೆ ಹಳೆಯ ಕಂಡೆನ್ಸರು, ತಂತಿ ಬದಲಿಸಿ ಅನೇಕವನ್ನು ಎಬ್ಬಿಸಬಹುದು. ಸಾವಿರ ವೋಲ್ಟಿನ ಆಸುಪಾಸಿನ ವಿದ್ಯುತ್ತು, ಬಲ್ಲವರೇ ಕೈಹಾಕಲಿ.

1965ರಲ್ಲಿ ಕೋಲಾರದ ಚಿನ್ನದ ಗಣಿಯಾಳದಲ್ಲಿ ನ್ಯೂಟ್ರಿನೊಗಳ ಸುಳಿವು ಹಿಡಿದದ್ದೂ ಮಿನುಗುವ ಪ್ಲಾಸ್ಟಿಕ್ಕಿನ ಇಂಥದೇ ಉಪಕರಣ. ತರಗತಿಯಲ್ಲಿ ಇದನ್ನು ಕನ್ನಡದಲ್ಲಿ ಹೇಳಿದಾಗ “ಒಂದನ್ನು ತೋರಿಸುವಿರಾ?” ಎಂದರು ಮಕ್ಕಳು. ನಮ್ಮಲ್ಲಿ ಬರೇ ಕಪ್ಪುಹಲಗೆ. ಬಯಲಾಟದ ಗ್ಯಾಸ್‌ಲೈಟಿನ ಹಳೆಯ ಮ್ಯಾಂಟಲಿನಲ್ಲಿ ಥೋರಿಯಂ ಇರುತ್ತಿತ್ತು; ಅದನ್ನು ಮುಚ್ಚಿದ ಕುಪ್ಪಿಯಲ್ಲಿ ಹತ್ತಿರ ತಂದರೆ ಎಣಿಕೆ ಏರುವುದನ್ನು ಕಾಣಿಸಬಹುದಿತ್ತು. ಕಾಲೇಜು, ಆಸ್ಪತ್ರೆಗಳವರು ಮೂಲೆಗೆಸೆದದ್ದನ್ನು ಗುಜರಿಯವನಿಗೆ ಕೊಡುವ ಮೊದಲು ಕನ್ನಡ ಶಾಲೆಗಳನ್ನೊಮ್ಮೆ ಕೇಳಲಿ.