ಕೆರೆಯ ಹಿನ್ನೀರಿನ ಕಡೆಗೂ ಒಮ್ಮೆ ಬನ್ನಿ
ತುಮಕೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮ್ಮೂರಿಗೆ ಹಕ್ಕಿಯ ಹೆಸರಿದೆ. ಪುರಾಣ ಕೇಳಲು ದಿನವೂ ಬಂದು ಕೂರುತ್ತಿದ್ದ ಗುಬ್ಬಿಗಳು ಪುರಾಣ ಮುಗಿದ ದಿನವೇ ಪ್ರಾಣ ಬಿಟ್ಟವಂತೆ. ಊರಿಗೆ ಗುಬ್ಬಿ ಎಂಬ ಹೆಸರು ಬಂದದ್ದು ಹಾಗೆ ಎನ್ನುತ್ತಾರೆ ಹಿರಿಯರು. ಆ ಊರಿನವನಾಗಿ ನಿಮ್ಮಲ್ಲಿ ಕೇಳುವುದು ಒಂದೇ: ಕೆರೆಯನ್ನು ಉಳಿಸುವಾಗ ಅದರ ಹಿಂದಿನ ಕುರುಚಲು ಕಾಡನ್ನೂ ಜೊತೆಯಲ್ಲೇ ಉಳಿಸಿ.

ಕೆರೆ ತುಂಬಿದರೆ ಬಾಗಿನ ಬಿಡಲು ನಾವೆಲ್ಲ ಏರಿಯ ಮೇಲೆ ನಿಲ್ಲುತ್ತೇವೆ. ಅಲ್ಲಿಂದ ಕಾಣುವುದು ನೀರು ಮಾತ್ರ. ಕೆರೆ ಬದುಕಿರುವುದು ಎದುರು ದಡದ ಹಿನ್ನೀರಿನಲ್ಲಿ. ಅಲ್ಲಿ ನೀರು ಮೊಣಕಾಲಿಗಿಂತ ಮೇಲೇರುವುದಿಲ್ಲ. ಕೆಸರಿನಲ್ಲಿ ಕೊಕ್ಕರೆ ಕಾಲೂರಿ ನಿಲ್ಲುತ್ತದೆ, ಜೊಂಡಿನಲ್ಲಿ ನೀರುಕೋಳಿ ಮರಿ ಮಾಡುತ್ತದೆ, ನೀರಿಗೆ ಬಾಗಿದ ಜಾಲಿಯಲ್ಲಿ ಗೀಜಗನ ಗೂಡು ತೂಗುತ್ತದೆ. ಅದರಾಚೆಗೆ ಈಚಲು, ಕಾರೆ, ಎಲಚಿ, ತಂಗಡಿ, ಬಂದರೆ ಗಿಡಗಳ ಕುರುಚಲು. ಮಳೆ ನೀರನ್ನು ತಡೆದು, ಮಣ್ಣನ್ನು ಹಿಡಿದಿಟ್ಟು, ತಿಳಿನೀರನ್ನಷ್ಟೇ ಕೆರೆಗೆ ಬಿಡುವುದು ಆ ಗಿಡಗಳ ಬೇರು. ಕುರುಚಲನ್ನು ಬೋಳಿಸಿದರೆ ಮಣ್ಣು ಕೊಚ್ಚಿಬಂದು ಕೆರೆಯಲ್ಲಿ ಹೂಳು ತುಂಬುತ್ತದೆ. ಆಮೇಲೆ ಹೂಳೆತ್ತಲು ನಾವೇ ಟೆಂಡರ್ ಕರೆಯುತ್ತೇವೆ.

ಬೆಂಗಳೂರು ತುಮಕೂರಿನತ್ತ, ತುಮಕೂರು ನಮ್ಮತ್ತ ಬೆಳೆಯುತ್ತಿದೆ. ತುಮಕೂರಿಗೂ ನಮಗೂ ನಡುವೆ ಇರುವುದು ಸುಮಾರು 20 ಕಿಲೋಮೀಟರ್ ಅಷ್ಟೇ. ಜನರಿಗೆ ಮನೆ ಬೇಕು, ಮಕ್ಕಳಿಗೆ ಕೆಲಸ ಬೇಕು. ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ; 2023ರ ಫೆಬ್ರುವರಿಯಲ್ಲಿ ಅದು ಲೋಕಾರ್ಪಣೆಯಾದಾಗ ನಾವೂ ಹೆಮ್ಮೆಪಟ್ಟೆವು. ಆದರೆ ಒಂದು ಕಾವಲು ಕೊಟ್ಟ ತಾಲ್ಲೂಕು ಉಳಿದದ್ದನ್ನು ಲೆಕ್ಕ ಇಟ್ಟು ಕಾಯಬೇಕು. ದಾಖಲೆಗಳಲ್ಲಿ ಇಂಥ ಎಷ್ಟೋ ನೆಲಕ್ಕೆ ‘ಖರಾಬು’ ಎಂಬ ಹೆಸರು. ಖರಾಬು ಎಂದರೆ ಕೆಟ್ಟದ್ದು. ಕುರಿ ಮೇಯುವ, ಗೌಜಲಹಕ್ಕಿ ಮೊಟ್ಟೆಯಿಡುವ, ನಮ್ಮ ತೆಂಗು ಅಡಿಕೆ ತೋಟಗಳ ಕೊಳವೆಬಾವಿಗೆ ನೀರು ಇಂಗಿಸುವ ನೆಲವನ್ನು ಕೆಟ್ಟದ್ದೆಂದು ಬರೆದುಕೊಂಡರೆ, ಅದನ್ನು ಕಳೆದುಕೊಳ್ಳುವಾಗ ಯಾರಿಗೂ ನೋವಾಗುವುದಿಲ್ಲ.

ಕಾನೂನಿನ ಆಸರೆಯೂ ಗಟ್ಟಿಯಾಗಿಲ್ಲ. ಕೇಂದ್ರದ 2017ರ ಜೌಗುಪ್ರದೇಶ ನಿಯಮಗಳು ನೀರಾವರಿಗೆಂದು ಕಟ್ಟಿದ ಕೆರೆಗಳನ್ನು ಹೊರಗಿಟ್ಟಿವೆ. ನಮ್ಮ ಸೀಮೆಯ ಕೆರೆಗಳೆಲ್ಲ ನೀರಾವರಿಗೆ ಕಟ್ಟಿದವೇ ಅಲ್ಲವೇ? ರಾಜ್ಯದ 2014ರ ಕೆರೆ ಸಂರಕ್ಷಣಾ ಕಾಯ್ದೆ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಬೇಡವೆಂದಿತು. ಸಣ್ಣ ಕೆರೆಗಳಿಗೆ ಆ ಅಂತರವನ್ನು ಇಳಿಸುವ ಮಸೂದೆ 2025ರಲ್ಲಿ ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ಹೀಗಿರುವಾಗ ಕೆರೆಯಂಚಿಗೆ ಉಳಿದಿರುವ ದೊಡ್ಡ ಕಾವಲು ನಿಮ್ಮ ಕಚೇರಿಯೇ.

ಮನುಷ್ಯ ಕಟ್ಟಿದ ಕೆರೆಗೆ ಇಷ್ಟು ಆದರ ಏಕೆ ಎಂದು ಯಾರಾದರೂ ಕೇಳಿದರೆ ಗದಗ ಜಿಲ್ಲೆಯ ಮಾಗಡಿ ಕೆರೆಯನ್ನೂ ವಿಜಯನಗರ ಜಿಲ್ಲೆಯ ಅಂಕಸಮುದ್ರವನ್ನೂ ತೋರಿಸಿ. ಎರಡೂ ನೀರಾವರಿ ಕೆರೆಗಳು. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದವು. ಮಾಗಡಿ ಕೆರೆ ಸುಮಾರು 50 ಹೆಕ್ಟೇರ್ ಮಾತ್ರ, ಆದರೂ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಅಷ್ಟು ದೂರವೇಕೆ, ನಮ್ಮ ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರೇ ಕಾಯುತ್ತಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಬರಡೆಂದು ಬಿಟ್ಟುಕೊಡಬಹುದಾಗಿದ್ದ ನೆಲ ಇಂದು ಜಿಲ್ಲೆಯ ಹೆಮ್ಮೆ.

ಆದ್ದರಿಂದ ನಮ್ಮ ಬೇಡಿಕೆಗಳು ಇಷ್ಟು. ಗುಬ್ಬಿ ಪಟ್ಟಣದ ಸುತ್ತಲಿನ ಕೆರೆ, ರಾಜಕಾಲುವೆ, ಗೋಮಾಳ, ಕಾವಲುಗಳನ್ನು ಒಂದೇ ನಕ್ಷೆಯಲ್ಲಿ ಅಳೆಸಿ, ಪಂಚಾಯಿತಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿಸಿ. ಹೊಸ ಬಡಾವಣೆಗೆ ಅನುಮತಿ ಕೊಡುವ ಮೊದಲು ಅದರ ಚರಂಡಿ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿ. ಕೆರೆ ಅಭಿವೃದ್ಧಿಗೆ ಹಣ ಬಂದಾಗ ಸುತ್ತಲೂ ಕಲ್ಲು ಕಟ್ಟಿ ದೀಪ ಹಾಕಿಸಬೇಡಿ. ಏರಿಯ ಕಡೆ ನಡಿಗೆಯ ಹಾದಿ ಇರಲಿ, ಹಿನ್ನೀರಿನ ಕಡೆ ಕತ್ತಲೆ, ಕೆಸರು, ಜೊಂಡು ಇದ್ದಂತೆಯೇ ಇರಲಿ. ಸರ್ಕಾರಿ ಕುರುಚಲು ನೆಲವನ್ನು, ಕುರಿ ಕಾಯುವವರ ಮಾತನ್ನೂ ಕೇಳಿ, ಮೈದನಹಳ್ಳಿಯಂತೆ ಸಂರಕ್ಷಣಾ ಮೀಸಲು ಮಾಡಲು ಸರ್ಕಾರಕ್ಕೆ ಬರೆಯಿರಿ.

ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷೆ ನಮ್ಮ ತಾಲ್ಲೂಕಿನ ಕಡಬ ಕೆರೆಯನ್ನು ತುಂಬಿಸಿ, ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿ ಜಲಾಶಯಕ್ಕಿಳಿದು, ಕೊಕ್ಕರೆ ಬೆಳ್ಳೂರಿನ ಹತ್ತಿರ ಹಾದು ಕಾವೇರಿ ಸೇರುತ್ತದೆ. ನಾವಿಲ್ಲಿ ನೀರಿಗೆ ಬಿಟ್ಟದ್ದು, ನೀರಿನಿಂದ ಕಿತ್ತುಕೊಂಡದ್ದು ಎಲ್ಲವೂ ಕೆಳಗಿನ ಊರುಗಳ ಜನಕ್ಕೂ ಹಕ್ಕಿಗೂ ತಲುಪುತ್ತದೆ.

ಸರ್ವೆಯವರು ಬರುವ ಮೊದಲು ಒಂದು ಮುಂಜಾನೆ ನೀವೇ ಬನ್ನಿ. ಏರಿಯ ಮೇಲೆ ಬೇಡ, ಹಿನ್ನೀರಿನ ದಡಕ್ಕೆ. ನಾನು ಅಲ್ಲಿ ಕಾಯುತ್ತಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಗುಬ್ಬಿಯ ಒಬ್ಬ ನಾಗರಿಕ