ಹಳೆಯ ಆಟ ಗಟ್ಟಿಯೇ? ಮಕ್ಕಳು ಹೇಳಲಿ
ನೆನಪಿನ ಸಿಹಿಯನ್ನು ಬದಿಗಿಟ್ಟು ನೋಡಿದರೂ ಕೆಲವು ವಿಡಿಯೊ ಗೇಮ್‌ಗಳು ನಿಲ್ಲುತ್ತವೆ. ಅವುಗಳನ್ನು ಮುಂದಿನವರಿಗೆ ಉಳಿಸುವ ಹೊಣೆ ಯಾರದು?

ಬೆಂಗಳೂರಿನ ಹನುಮಂತನಗರದ ಐವತ್ತಡಿ ರಸ್ತೆಯಲ್ಲಿ ಸಂಜೆ ಓಡಾಡುವ, ನಲವತ್ತರ ಆಸುಪಾಸಿನ ಯಾರನ್ನಾದರೂ ‘ಕಾಂಟ್ರಾ ಆಡಿದ್ದೀರಾ?’ ಎಂದು ಕೇಳಿ ನೋಡಿ. ಮುಖ ಅರಳುತ್ತದೆ. ‘ಮೂವತ್ತು ಲೈಫಿನ ಟ್ರಿಕ್ ಗೊತ್ತಿತ್ತಾ ನಿಮಗೆ?’ ಎಂದು ಅವರೇ ತಿರುಗಿ ಕೇಳುತ್ತಾರೆ. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಎಷ್ಟೋ ಪದ್ಯ ಮರೆತರೂ ಇದು ಮರೆತಿರುವುದಿಲ್ಲ. ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ‘ಆಗಿನ ಗೇಮ್‌ಗಳ ಮಜಾ ಈಗಿನವುಗಳಲ್ಲಿ ಇಲ್ಲ ಬಿಡಿ’.

ಈ ಮಾತನ್ನು ಒಮ್ಮೆ ಗಂಭೀರವಾಗಿ ಪರೀಕ್ಷಿಸಬೇಕಿದೆ. ಪ್ರತಿ ಪೀಳಿಗೆಯೂ ತನ್ನ ಬಾಲ್ಯದ ಸಿನಿಮಾ, ಹಾಡು, ಕ್ರಿಕೆಟ್ ತಂಡವೇ ಶ್ರೇಷ್ಠ ಎಂದು ನಂಬುತ್ತದೆ. ಹಾಡು, ಸಿನಿಮಾಗಳಾದರೆ ಮತ್ತೆ ಕೇಳಿ, ಮತ್ತೆ ನೋಡಿ ಒರೆಗೆ ಹಚ್ಚಬಹುದು. ವಿಡಿಯೊ ಗೇಮ್‌ನ ವಿಷಯದಲ್ಲಿ ಅದು ಅಷ್ಟು ಸುಲಭವಲ್ಲ. ಯಂತ್ರ ಕೆಟ್ಟಿರುತ್ತದೆ, ಕ್ಯಾಸೆಟ್ ಕಳೆದಿರುತ್ತದೆ, ಅದನ್ನು ಜೋಡಿಸುತ್ತಿದ್ದ ಟಿವಿ ಗುಜರಿ ಸೇರಿರುತ್ತದೆ. ಉಳಿದಿರುವುದು ನೆನಪು ಮಾತ್ರ. ನೆನಪನ್ನೇ ಸಾಕ್ಷಿಯಾಗಿಟ್ಟು ತೀರ್ಪು ಕೊಡುವುದು ನ್ಯಾಯವಲ್ಲ.

ಆ ನೆನಪು ಹೇಗೆ ರೂಪುಗೊಂಡಿತು ಎಂಬುದನ್ನು ಮೊದಲು ನೋಡೋಣ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ‘ಫ್ಯಾಮಿಕಾಂ’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ನಮ್ಮ ಬಡಾವಣೆಗಳ ಬಹುಪಾಲು ಮಕ್ಕಳ ಕೈಗೆ ಬಂದದ್ದು ಆ ಮೂಲ ಯಂತ್ರವಲ್ಲ, ಅದರ ನಕಲುಗಳು. ‘ಲಿಟಲ್ ಮಾಸ್ಟರ್’, ‘ಟರ್ಮಿನೇಟರ್’ ಎಂಬ ಹೆಸರುಗಳು ಆ ಪೀಳಿಗೆಗೆ ಚೆನ್ನಾಗಿ ಗೊತ್ತು. ಹಳದಿ ಕ್ಯಾಸೆಟ್‌ನ ಮೇಲೆ ಲಕ್ಷಗಟ್ಟಲೆ ಗೇಮ್‌ಗಳ ಸಂಖ್ಯೆ ಅಚ್ಚಾಗಿರುತ್ತಿತ್ತು. ಹಾಕಿ ನೋಡಿದರೆ ಹತ್ತಿಪ್ಪತ್ತು ಆಟಗಳೇ ಹೆಸರು ಬದಲಿಸಿಕೊಂಡು ಸುತ್ತಿ ಸುತ್ತಿ ಬರುತ್ತಿದ್ದವು. ಯಂತ್ರ ಕೊಳ್ಳಲಾಗದವರಿಗೆ ಗಂಟೆಗಿಷ್ಟು ಎಂದು ಆಡಿಸುವ ಗೇಮ್ ಪಾರ್ಲರ್‌ಗಳಿದ್ದವು. ಬೀದಿಯಲ್ಲಿ ಒಬ್ಬರ ಮನೆಗೆ ಯಂತ್ರ ಬಂದರೆ ಬೇಸಿಗೆ ರಜೆ ಮುಗಿಯುವವರೆಗೂ ಆ ಮನೆ ಮಕ್ಕಳಿಂದ ತುಂಬಿರುತ್ತಿತ್ತು. ಜಾಯ್‌ಸ್ಟಿಕ್ ಎರಡೇ, ಔಟಾದವನು ಎದ್ದು ಮುಂದಿನವನಿಗೆ ಕೊಡಬೇಕು. ಕರೆಂಟ್ ಹೋದರೆ ಆಡಿದ್ದೆಲ್ಲ ವ್ಯರ್ಥ, ಮತ್ತೆ ಮೊದಲ ಸ್ಟೇಜಿನಿಂದಲೇ ಶುರು.

ನಮ್ಮ ಪ್ರೀತಿಗೆ ಇಲ್ಲಿ ಎರಡು ಕಾರಣಗಳಿವೆ, ಎರಡೂ ಗೇಮ್‌ನ ಗುಣಕ್ಕೆ ಸೇರಿದವಲ್ಲ. ಒಂದು, ವಯಸ್ಸು. ನಡುವಯಸ್ಸು ದಾಟಿದವರನ್ನು ಬದುಕಿನ ನೆನಪುಗಳ ಬಗ್ಗೆ ಕೇಳಿದರೆ ಸರಿಸುಮಾರು ಹತ್ತರಿಂದ ಮೂವತ್ತರವರೆಗಿನ ಘಟನೆಗಳೇ ಹೆಚ್ಚು ದಟ್ಟವಾಗಿ ಬರುತ್ತವೆ ಎಂಬುದನ್ನು ಮನೋವಿಜ್ಞಾನಿಗಳು 1980ರ ದಶಕದಿಂದಲೂ ಗುರುತಿಸಿದ್ದಾರೆ. ಇನ್ನೊಂದು, ಕೊರತೆ. ಇಡೀ ರಜೆಗೆ ಒಂದೇ ಕ್ಯಾಸೆಟ್ ಇದ್ದಾಗ ಅದರ ಪ್ರತಿ ಮೂಲೆಯೂ ಕೈಗೆ ರೂಢಿಯಾಗುತ್ತದೆ. ಈಗಿನ ಮಗುವಿನ ಫೋನಿನಲ್ಲಿ ಸಾವಿರಾರು ಆಟಗಳು ಪುಕ್ಕಟೆ ಸಿಗುತ್ತವೆ. ಒಂದು ಬೇಸರವಾದರೆ ಇನ್ನೊಂದು. ಅಪ್ಪನಿಗೆ ಮಾರಿಯೊ ಜೊತೆ ಇದ್ದ ಸಲುಗೆ ಮಗನಿಗೆ ಇಲ್ಲದಿದ್ದರೆ ಅದಕ್ಕೆ ಮಗನ ಚಂಚಲತೆಯನ್ನು ದೂರಬೇಕಿಲ್ಲ.

ಹಾಗಾದರೆ ಹಳೆಯ ಗೇಮ್‌ಗಳ ಹಿರಿಮೆಯೆಲ್ಲ ಬರೀ ಭ್ರಮೆಯೇ? ಅಲ್ಲ. ಪರೀಕ್ಷಿಸಲು ಒಂದು ನೇರ ದಾರಿ ಇದೆ: ಆ ಕಾಲದ ಯಾವ ನೆನಪೂ ಇಲ್ಲದವರಿಗೆ ಅದು ಹಿಡಿಸುತ್ತದೆಯೇ ಎಂದು ನೋಡುವುದು. ಮಾಸ್ಕೊದಲ್ಲಿ ಅಲೆಕ್ಸಿ ಪಾಜಿಟ್ನೊವ್ 1984ರಲ್ಲಿ ರೂಪಿಸಿದ ‘ಟೆಟ್ರಿಸ್’ ಅನ್ನು ತೆಗೆದುಕೊಳ್ಳಿ. ನಿಂಟೆಂಡೊ ಯಂತ್ರಕ್ಕೆ 1989ರಲ್ಲಿ ಬಂದ ಅದರ ಆವೃತ್ತಿಯಲ್ಲಿ 29ನೇ ಹಂತದಾಚೆ ಮನುಷ್ಯರು ಸಾಗಲಾರರು ಎಂದು ಆಟಗಾರರು ಬಹುಕಾಲ ನಂಬಿದ್ದರು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ವಿಲ್ಲಿಸ್ ಗಿಬ್ಸನ್ ಅದನ್ನು 157ನೇ ಹಂತದವರೆಗೆ ಆಡಿ, ಮುಂದೆ ಸಾಗಲಾರದೆ ಯಂತ್ರವೇ ಸ್ತಬ್ಧವಾಗುವಂತೆ ಮಾಡಿದ. ಆಗ ಅವನ ವಯಸ್ಸು 13. ಗೇಮ್ ಬಂದು ಎರಡು ದಶಕ ಕಳೆದ ಮೇಲೆ ಹುಟ್ಟಿದ ಹುಡುಗನಿಗೆ ಯಾವ ಬಾಲ್ಯದ ಹಂಗೂ ಇರಲಿಲ್ಲ. ಅವನನ್ನು ಹಿಡಿದು ಕೂರಿಸಿದ್ದು ಆಟದ ಕಟ್ಟು ಮಾತ್ರ.

1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಕೂಡ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಇಡೀ ಗೇಮ್‌ನ ಗಾತ್ರ ಸುಮಾರು 40 ಕಿಲೊಬೈಟ್. ಇಂದು ನಾವು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಸಾಧಾರಣ ಫೋಟೊ ಅದಕ್ಕಿಂತ ದೊಡ್ಡದು. ಜಾಗ ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ ಬಳಸಿ ಬಣ್ಣವನ್ನಷ್ಟೇ ಬದಲಿಸಿದ್ದಾರೆ. ಮೊದಲ ಸ್ಟೇಜಿನ ಆರಂಭವನ್ನು ನೆನಪಿಸಿಕೊಳ್ಳಿ. ಎಡಗಡೆ ದಾರಿ ಇಲ್ಲ, ಬಲಕ್ಕೇ ಹೋಗಬೇಕು. ಎದುರಿನಿಂದ ಒಂದು ಪ್ರಾಣಿ ಬರುತ್ತದೆ, ಹಾರದಿದ್ದರೆ ಸಾವು. ಹಾರಿದರೆ ಮೇಲಿನ ಪೆಟ್ಟಿಗೆಗೆ ತಲೆ ತಗುಲಿ ನಾಣ್ಯ ಬರುತ್ತದೆ. ಇನ್ನೊಂದಕ್ಕೆ ಗುದ್ದಿದರೆ ಅಣಬೆ ಬಂದು ಮಾರಿಯೊ ದೊಡ್ಡವನಾಗುತ್ತಾನೆ. ಒಂದಕ್ಷರದ ಸೂಚನೆ ಇಲ್ಲದೆ ಅರ್ಧ ನಿಮಿಷದಲ್ಲಿ ಆಟದ ನಿಯಮಗಳೆಲ್ಲ ತಿಳಿದುಬಿಡುತ್ತವೆ. ಇಂಗ್ಲಿಷಾಗಲಿ ಜಪಾನಿಯಾಗಲಿ ಓದಲು ಬಾರದ ನಮ್ಮ ಕನ್ನಡ ಶಾಲೆಯ ಮಕ್ಕಳು ಅದನ್ನು ಯಾರ ಸಹಾಯವೂ ಇಲ್ಲದೆ ಕಲಿತದ್ದು ಹೀಗೆ. ವಿನ್ಯಾಸಕಾರ ಶಿಗೆರು ಮಿಯಾಮೊಟೊ ಮತ್ತು ತಂಡದ ಈ ಕಲೆಗೆ ವಯಸ್ಸಾಗಿಲ್ಲ.

ಎಲ್ಲ ಹಳೆಯ ಗೇಮ್‌ಗಳಿಗೂ ಈ ಮಾತು ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. 1990ರ ದಶಕದ ನಡುವಿನಲ್ಲಿ ಬಂದ ಮೊದಮೊದಲ ತ್ರೀಡಿ ಆಟಗಳಲ್ಲಿ ಹಲವನ್ನು ಇಂದು ಆಡುವುದು ಕಷ್ಟ. ಕ್ಯಾಮೆರಾ ಎಲ್ಲೆಲ್ಲೋ ತಿರುಗುತ್ತದೆ, ಪಾತ್ರವನ್ನು ತಿರುಗಿಸುವುದೇ ಒಂದು ಸಾಹಸ. ಪಾರ್ಲರ್ ಯಂತ್ರಗಳಿಗೆಂದು ರೂಪಿಸಿದ ಹಲವು ಆಟಗಳ ಕಾಠಿಣ್ಯದ ಹಿಂದೆ ಇದ್ದದ್ದು ವ್ಯಾಪಾರದ ಲೆಕ್ಕ: ಬೇಗ ಔಟಾದರೆ ಬೇಗ ಇನ್ನೊಂದು ನಾಣ್ಯ ಬೀಳುತ್ತದೆ. 2006ರಲ್ಲಿ ಬಂದ ‘ಇಎ ಸ್ಪೋರ್ಟ್ಸ್ ಕ್ರಿಕೆಟ್ 07’ರಲ್ಲಿ ಒಂದೆರಡು ಹೊಡೆತ ರೂಢಿಯಾದರೆ ಸಾಕು, ಬಾಲಿಗೊಂದು ಸಿಕ್ಸರ್. ಕಂಪನಿ ಆ ಸರಣಿಯನ್ನು ಅಲ್ಲಿಗೇ ನಿಲ್ಲಿಸಿದ ಮೇಲೂ ಅದು ಬದುಕಿರುವುದು ಅಭಿಮಾನಿಗಳ ದುಡಿಮೆಯಿಂದ. ಹೊಸ ಜೆರ್ಸಿ, ಹೊಸ ಆಟಗಾರರು, ಐಪಿಎಲ್ ತಂಡಗಳನ್ನು ತಾವೇ ಸೇರಿಸಿ ಅದಕ್ಕೆ ಉಸಿರು ತುಂಬುತ್ತಾ ಬಂದಿದ್ದಾರೆ. ಅಲ್ಲಿ ಮೆಚ್ಚಬೇಕಾದದ್ದು ಆ ಶ್ರದ್ಧೆಯನ್ನು.

ಇನ್ನು ಕೆಲವು ಗೇಮ್‌ಗಳ ಪಾಡು ಬೇರೆ. ಗನ್ ಹಿಡಿದು ಬಾತುಕೋಳಿ ಹೊಡೆಯುವ ‘ಡಕ್ ಹಂಟ್’ ಈಗಲೂ ಚೆನ್ನಾಗಿದೆ. ಅದಕ್ಕೆ ಬೇಕಾದ ಟಿವಿ ಇಲ್ಲ. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಹಕ್ಕಿ ಇದ್ದ ಜಾಗದಲ್ಲಿ ಬಿಳಿ ಚೌಕವೊಂದು ಮಿಂಚಿ ಮರೆಯಾಗುತ್ತದೆ. ಗನ್ನಿನ ತುದಿಯಲ್ಲಿರುವ ಬೆಳಕಿನ ಸೆನ್ಸರ್ ಆ ಬಿಳಿಯನ್ನು ಕಂಡರೆ ಗುರಿ ತಗುಲಿತು ಎಂದರ್ಥ. ಈ ಲೆಕ್ಕವೆಲ್ಲ ನಿಂತಿರುವುದು ಹಳೆಯ ಪಿಕ್ಚರ್ ಟ್ಯೂಬಿನ ವೇಗದ ಮೇಲೆ. ಎಲ್‌ಇಡಿ ಟಿವಿಗೆ ಜೋಡಿಸಿದರೆ ಗನ್ ಕುರುಡು. ಉಳಿದ ಆಟಗಳ ಚಿತ್ರಗಳನ್ನೂ ಟ್ಯೂಬಿನ ಟಿವಿಯಲ್ಲಿ ಬಣ್ಣಗಳು ಒಂದಕ್ಕೊಂದು ಬೆರೆಯುವುದನ್ನು ಗಮನದಲ್ಲಿಟ್ಟೇ ಬರೆದಿದ್ದರು. ಹೊಸ ಪರದೆಯ ಮೇಲೆ ಅವೇ ಚಿತ್ರಗಳು ಮುರುಕು ಚೌಕಗಳಾಗಿ ಕಾಣುತ್ತವೆ. ಹಳೆಯ ಗೇಮ್ ಸೋತಿತು ಎಂದು ನಾವು ಹೇಳುವಾಗ ಎಷ್ಟೋ ಸಲ ಸೋತಿರುವುದು ಅದನ್ನು ತೋರಿಸುವ ಪರದೆ.

ಪ್ರಶ್ನೆಯ ತಿರುಳು ಇರುವುದು ಇಲ್ಲಿ. ಚೌಕಾಬಾರ ಆಡಲು ಇದ್ದಿಲ ಚೂರು, ನೆಲ, ಒಂದು ಬದಿ ತೇಯ್ದ ಹುಣಸೆ ಬೀಜ ಸಾಕು. ನಿಯಮ ಗೊತ್ತಿರುವ ಅಜ್ಜಿ ಒಬ್ಬರಿದ್ದರೆ ಆಟ ಬದುಕುತ್ತದೆ. ಆದರೂ ಮುಮ್ಮಡಿ ಕೃಷ್ಣರಾಜ ಒಡೆಯರು ಅಷ್ಟಕ್ಕೇ ಬಿಡಲಿಲ್ಲ. 19ನೇ ಶತಮಾನದಲ್ಲಿ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳಿಗೆಂದೇ ಜಾಗ ಕೊಟ್ಟರು, ಆಟದ ಪಟಗಳು ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಮೂಡಿದವು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾಕೌಶಲ್ಯ’ ಪ್ರದರ್ಶನಗಳ ಮೂಲಕ ಪಗಡೆ, ಅಳಗುಳಿಮನೆಗಳನ್ನು ಮತ್ತೆ ಮನೆಗಳಿಗೆ ತಲುಪಿಸಲು ದುಡಿಯುತ್ತಿದೆ. ಆಟವನ್ನೂ ವಿದ್ಯೆಯಂತೆ ಕಾಪಾಡಬೇಕು ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ. ಯಂತ್ರವಿಲ್ಲದೆ ಬದುಕಲಾರದ ವಿಡಿಯೊ ಗೇಮ್‌ಗೆ ಆ ಕಾಳಜಿ ಇನ್ನೂ ಹೆಚ್ಚು ಬೇಕು.

ಆದರೆ ನಮ್ಮ ಸಾರ್ವಜನಿಕ ದಾಖಲೆಗಳಲ್ಲಿ ವಿಡಿಯೊ ಗೇಮ್ ಬಹುಮಟ್ಟಿಗೆ ಕಾಣಿಸುವುದು ಪೊಲೀಸರ ಕಣ್ಣಿನ ಮೂಲಕ. ಬೆಂಗಳೂರಿನ ಗೇಮ್ ಪಾರ್ಲರ್‌ಗಳಿಗೆ ಪರವಾನಗಿ ಬೇಕೇ ಎಂಬ ಎಂ.ಜೆ. ಶಿವಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಸರ್ಕಾರದ ನಿಯಂತ್ರಣವನ್ನು ಎತ್ತಿಹಿಡಿಯಿತು. ಹಣ ಕಟ್ಟಿ ಅದೃಷ್ಟ ಪರೀಕ್ಷಿಸುವ ಯಂತ್ರಗಳನ್ನು ಹದ್ದುಬಸ್ತಿನಲ್ಲಿಡುವುದು ಸರಿಯೇ. ಆದರೆ ಜೂಜಿನ ಯಂತ್ರಕ್ಕೂ ಮಾರಿಯೊಗೂ ‘ವಿಡಿಯೊ ಗೇಮ್’ ಎಂಬ ಒಂದೇ ಹೆಸರು ಅಂಟಿತು. ಪಾರ್ಲರ್‌ಗೆ ಹೋಗುವ ಹುಡುಗ ಕೆಟ್ಟ ಎಂಬ ಭಾವನೆ ಮನೆಮನೆಯಲ್ಲೂ ಬೇರೂರಿತು. ಹೀಗೆ ಅನುಮಾನಕ್ಕೆ ಗುರಿಯಾದದ್ದನ್ನು ಕಾಪಿಡಬೇಕು ಎಂದು ಆಗ ಯಾರಿಗೆ ತಾನೇ ಅನ್ನಿಸೀತು?

ಈಗ ಚಿತ್ರ ಬದಲಾಗಿದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಧ್ರುವ ಇಂಟರಾಕ್ಟಿವ್’ ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. 2019ರಲ್ಲಿ ಅದನ್ನು ಕೊಂಡದ್ದು ‘ಜಿಟಿಎ’ ಸರಣಿಯ ರಾಕ್‌ಸ್ಟಾರ್ ಗೇಮ್ಸ್. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ್ದು ಕರ್ನಾಟಕ. ಗೇಮ್ ತಯಾರಿಸುವ ಊರು ಗೇಮ್‌ನ ಚರಿತ್ರೆಯನ್ನೂ ಉಳಿಸಬೇಕಲ್ಲವೇ?

ಕಂಪನಿಗಳು ಅದನ್ನು ಮಾಡುತ್ತವೆ ಎಂದು ನೆಚ್ಚಿ ಕೂರುವಂತಿಲ್ಲ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಗೇಮ್‌ಗಳಲ್ಲಿ ಶೇ 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ತಿಳಿಸಿತು. ನಕಲು ಯಂತ್ರಗಳ ಮೇಲೆಯೇ ಬೆಳೆದ ನಮ್ಮಲ್ಲಿ ಎಷ್ಟು ಹೋಗಿದೆ ಎಂದು ಲೆಕ್ಕ ಇಟ್ಟವರೇ ಇಲ್ಲ. ಈಗಿನ ಮಕ್ಕಳ ಪಾಡಂತೂ ಇನ್ನೂ ಕಷ್ಟದ್ದು. ಇಂದಿನ ಬಹಳಷ್ಟು ಗೇಮ್‌ಗಳು ಕಂಪನಿಯ ಸರ್ವರ್‌ನಲ್ಲಿ ಬದುಕುತ್ತವೆ. ಒಂದು ಕಾಲಕ್ಕೆ ನಮ್ಮ ಐಟಿ ಉದ್ಯೋಗಿಗಳೂ ಅಕ್ಕರೆಯಿಂದ ಬೆಳೆ ತೆಗೆಯುತ್ತಿದ್ದ ಫೇಸ್‌ಬುಕ್‌ನ ‘ಫಾರ್ಮ್‌ವಿಲ್’ 2020ರ ಡಿಸೆಂಬರ್ 31ರಂದು ಮುಚ್ಚಿಹೋಯಿತು. ‘ದಿ ಕ್ರ್ಯೂ’ ಎಂಬ ರೇಸಿಂಗ್ ಗೇಮ್‌ನ ಸರ್ವರ್ 2024ರಲ್ಲಿ ನಿಂತಾಗ, ದುಡ್ಡು ಕೊಟ್ಟು ಕೊಂಡವರ ಕೈಯಲ್ಲೂ ಅದು ಉಳಿಯಲಿಲ್ಲ. ಗೇಮ್‌ಗಳನ್ನು ಹೀಗೆ ಕೊಲ್ಲಬೇಡಿ ಎಂದು ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಇಂದಿನ ಹತ್ತು ವರ್ಷದ ಹುಡುಗಿ ನಲವತ್ತಾದಾಗ ತನ್ನ ಬಾಲ್ಯದ ಆಟ ಚೆನ್ನಾಗಿತ್ತೇ ಎಂದು ಪರೀಕ್ಷಿಸಲು ಹೊರಟರೆ ಆಡಲು ಏನೂ ಉಳಿದಿರದೆ ಹೋಗಬಹುದು.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಅಮೆರಿಕದ ರಾಚೆಸ್ಟರ್‌ನಲ್ಲಿರುವ ‘ದಿ ಸ್ಟ್ರಾಂಗ್’ ಎಂಬ ಆಟಗಳ ವಸ್ತುಸಂಗ್ರಹಾಲಯ 2015ರಿಂದ ವಿಡಿಯೊ ಗೇಮ್‌ಗಳನ್ನು ಗೌರವದ ಪಟ್ಟಿಗೆ ಸೇರಿಸುತ್ತಾ ಬಂದಿದೆ. ಟೆಟ್ರಿಸ್, ಮಾರಿಯೊ ಎರಡೂ ಮೊದಲ ವರ್ಷವೇ ಸೇರಿದವು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಒಂದು ಕೋಣೆ, ಕೆಲಸ ಮಾಡುವ ನಾಲ್ಕು ಪಿಕ್ಚರ್ ಟ್ಯೂಬ್ ಟಿವಿ, ರಿಪೇರಿ ಬಲ್ಲ ಎಸ್.ಪಿ. ರೋಡಿನ ಕುಶಲಿಗಳ ನೆರವು ಸಿಕ್ಕರೆ ಶಾಲಾ ಮಕ್ಕಳು ಬಂದು ಆಡಿ ನೋಡಬಹುದು. ಪಾರ್ಲರ್ ನಡೆಸಿದವರು, ಯಂತ್ರ ಮಾರಿದವರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಮಾತನ್ನು ಕಾಲೇಜು ವಿದ್ಯಾರ್ಥಿಗಳು ದಾಖಲಿಸಬಹುದು. ಗೇಮಿಂಗ್ ನೀತಿಯ ಹಣದಲ್ಲಿ ಒಂದು ಸಣ್ಣ ಪಾಲನ್ನು ಸರ್ಕಾರ ಇದಕ್ಕೆ ಎತ್ತಿಡಬೇಕು.

ಹೆತ್ತವರಿಗೂ ಒಂದು ಮಾತು. ‘ನಮ್ಮ ಕಾಲದ್ದೇ ಚೆಂದ’ ಎಂದು ಮಕ್ಕಳ ಮೇಲೆ ಹೇರಬೇಡಿ. ಅವರ ಮೈನ್‌ಕ್ರಾಫ್ಟನ್ನೂ ಅವರ ಪಕ್ಕ ಕುಳಿತು ಒಮ್ಮೆ ಆಡಿ ನೋಡಿ. ಅಟ್ಟದ ಮೇಲಿನ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ರಿಪೇರಿ ಮಾಡಿಸಿ, ಒಂದು ಜಾಯ್‌ಸ್ಟಿಕ್ ಮಗುವಿಗೆ ಕೊಟ್ಟು ಇನ್ನೊಂದನ್ನು ನೀವು ಹಿಡಿಯಿರಿ. ಆಟ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಮಗುವೇ ಹೇಳಲಿ, ಅದರ ಮಾತನ್ನು ಒಪ್ಪಿಕೊಳ್ಳಿ.